ಮಲ್ಲಿಗೆ ನೊರೆ, ಅಬೋಲಿ ನೊರೆ

ದಾಕ್ಷಾಯಣಿ ಇಪ್ಪತ್ತೇಳು ವರ್ಷ ನಿಂತಿದ್ದಳು. ಮಾತಿಗೆ ಹೇಳುವುದಲ್ಲ, ನಿಜವಾಗಿಯೂ ನಿಂತೇ ಇದ್ದಳು. ಹುಬ್ಬಳ್ಳಿಯ ದೊಡ್ಡ ಸೀರೆ ಅಂಗಡಿಯೊಂದರ ಎರಡನೆಯ ಮಹಡಿಯಲ್ಲಿ, ಇಳಕಲ್ ಸೀರೆಗಳ ಕೌಂಟರಿನ ಹಿಂದೆ, ಬೆಳಿಗ್ಗೆ ಹತ್ತರಿಂದ ಸಂಜೆ ಎಂಟರವರೆಗೆ. ಮಾರುವವಳು ಕೂತರೆ ಗಿರಾಕಿಗೆ ಅವಮಾನವೆಂದು ಅಂಗಡಿಯವರ ನಂಬಿಕೆ. ಗಿರಾಕಿಗಳು ಮಾತ್ರ ಮೆತ್ತನೆಯ ಕುರ್ಚಿಯಲ್ಲಿ ಕೂತು, ಚಹಾ ಕುಡಿದು, ಎಪ್ಪತ್ತು ಸೀರೆ ಬಿಚ್ಚಿಸಿ, ಇದರಲ್ಲಿ ಬೇರೆ ಬಣ್ಣ ಇಲ್ಲವೇ ಎಂದು ಕೇಳಿ ಎದ್ದು ಹೋಗುವರು. ದಾಕ್ಷಾಯಣಿ ನಗುನಗುತ್ತಲೇ ಎಪ್ಪತ್ತನ್ನೂ ಮಡಚಿಡುವಳು.

ಅವ್ವ ತೀರಿಕೊಂಡಾಗ ಅವಳಿಗೆ ಹತ್ತೊಂಬತ್ತು ವರ್ಷ, ತಂಗಿ ನೀಲಾಂಬಿಕೆಗೆ ಒಂಬತ್ತು. ಅಪ್ಪ ಅದಕ್ಕೂ ಎರಡು ವರ್ಷ ಮೊದಲೇ ಹೋಗಿದ್ದರು. ಮದುವೆಯ ಮಾತು ಬಂದಾಗಲೆಲ್ಲ ನೀಲಾನ ಓದು ಮುಗಿಯಲಿ ಎಂದು ದಾಕ್ಷಾಯಣಿ ಮುಂದೂಡಿದಳು. ನೀಲಾನ ಓದು ಬೇಗ ಮುಗಿಯುವ ಜಾತಿಯದಾಗಿರಲಿಲ್ಲ. ಪಿಯುಸಿ ಆಯಿತು, ಡಾಕ್ಟರಿಕೆ ಆಯಿತು, ಅದರ ಮೇಲೆ ರಕ್ತನಾಳಗಳ ವಿಶೇಷ ಓದು ಆಯಿತು. ಅಷ್ಟರಲ್ಲಿ ಅಕ್ಕನ ಎರಡೂ ಮೀನಖಂಡಗಳ ಮೇಲೆ ನರಗಳು ಉಬ್ಬಿ, ನೀಲಿಗಟ್ಟಿ, ಗಂಟುಗಂಟಾಗಿ ಸೀರೆಯಂಚಿನ ಕೆಳಗೆ ಕಾಣತೊಡಗಿದ್ದವು. ಬೇರೆ ದೊಡ್ಡ ದೊಡ್ಡ ರೋಗಗಳನ್ನು ಬಿಟ್ಟು ಇದನ್ನೇ ಯಾಕೆ ಹಿಡಿದಿರಿ ಎಂದು ಕೇಳಿದವರಿಗೆ ನೀಲಾಂಬಿಕೆ ಒಂದೊಂದು ಸಲ ಒಂದೊಂದು ಉತ್ತರ ಕೊಡುತ್ತಿದ್ದಳು. ನಿಜವಾದ ಉತ್ತರ ಮನೆಯಲ್ಲಿ ಎರಡು ದಿಂಬಿನ ಮೇಲೆ ಕಾಲಿಟ್ಟು ಮಲಗಿರುತ್ತಿತ್ತು.

ಉಬ್ಬು ನರದ ಕತೆ ಸರಳ. ಕಾಲಿನ ರಕ್ತ ಮೇಲಕ್ಕೆ ಹತ್ತಿ ಹೃದಯಕ್ಕೆ ಹೋಗಬೇಕು. ಹತ್ತಿದ್ದು ಕೆಳಗೆ ಜಾರದಿರಲೆಂದು ನಾಳದ ಒಳಗೆ ಅಲ್ಲಲ್ಲಿ ಪುಟ್ಟ ಕವಾಟಗಳಿವೆ. ದಿನವಿಡೀ ನಿಲ್ಲುವವರಲ್ಲಿ ಆ ಕವಾಟಗಳು ಸಡಿಲಾಗುತ್ತವೆ, ರಕ್ತ ಕೆಳಗೇ ತಂಗುತ್ತದೆ, ನಾಳ ಉಬ್ಬುತ್ತದೆ. ಇದಕ್ಕೆ ಹಳೆಯ ಮದ್ದೆಂದರೆ ಔಷಧಿಯನ್ನು ಗಾಳಿಯೊಂದಿಗೆ ಕಡೆದು ನೊರೆ ಮಾಡಿ ಸೂಜಿಯಿಂದ ಆ ನಾಳಕ್ಕೆ ತುಂಬುವುದು. ನೊರೆ ರಕ್ತವನ್ನು ಪಕ್ಕಕ್ಕೆ ತಳ್ಳಿ ನಾಳದ ಒಳಗೋಡೆಯನ್ನು ಕೆರಳಿಸಿ, ಎರಡೂ ಕಡೆಯನ್ನು ಒಂದಕ್ಕೊಂದು ಅಂಟಿಸಿಬಿಡುತ್ತದೆ. ಆ ದಾರಿ ಮುಚ್ಚುತ್ತದೆ, ರಕ್ತ ಬೇರೆ ದಾರಿ ಹಿಡಿಯುತ್ತದೆ. ಆದರೆ ನಿಲ್ಲುವವರು ನಿಂತೇ ಇದ್ದರೆ ಆರೇಳು ವರ್ಷಕ್ಕೆ ಆ ಬೇರೆ ದಾರಿಯೂ ಉಬ್ಬುತ್ತದೆ. ನಾಳವನ್ನು ಮುಚ್ಚುವ ಬದಲು, ಹೊಸ ಕವಾಟಗಳನ್ನು ಕಟ್ಟಿಕೊಳ್ಳಲು ಅದಕ್ಕೆ ಕಲಿಸುವ ನೊರೆಯೊಂದಿದ್ದರೆ ಹೇಗೆ ಎಂಬುದು ನೀಲಾಂಬಿಕೆಯ ತಲೆಯಲ್ಲಿ ಹೊಕ್ಕ ಹುಳ.

ಎರಡು ಸಾವಿರದ ನಲವತ್ತನೆಯ ಇಸವಿಯ ಹೊತ್ತಿಗೆ ಅಂಥ ನೊರೆ ಒಂದಲ್ಲ, ಎರಡು ಸಿದ್ಧವಾಗಿದ್ದವು. ಹುಬ್ಬಳ್ಳಿಯ ನಾಳ ಸಂಶೋಧನಾ ಕೇಂದ್ರದಲ್ಲಿ ನೀಲಾಂಬಿಕೆಯ ತಂಡ ಒಂದನ್ನು ಅಂಟವಾಳ ಕಾಯಿಯ ಸತ್ವದಿಂದ ತೆಗೆದಿತ್ತು, ಇನ್ನೊಂದನ್ನು ಪೂರಾ ಪ್ರಯೋಗಶಾಲೆಯಲ್ಲಿ ಹೊಸೆದಿತ್ತು. ಇವುಗಳ ರಾಸಾಯನಿಕ ಹೆಸರು ಹೇಳಿ ಮುಗಿಸುವಷ್ಟರಲ್ಲಿ ಚಹಾ ಆರಿಹೋಗುತ್ತಿತ್ತು. ಹಾಗಾಗಿ ಬೆಳ್ಳಗಿದ್ದ ಅಂಟವಾಳದ ನೊರೆಗೆ ಮಲ್ಲಿಗೆ ಎಂದೂ, ತುಸು ಕೆಂಪು ಛಾಯೆಯ ಇನ್ನೊಂದಕ್ಕೆ ಕನಕಾಂಬರದ ಇನ್ನೊಂದು ಹೆಸರಾದ ಅಬೋಲಿ ಎಂದೂ ಅವಳೇ ಹೆಸರಿಟ್ಟಳು. ಎರಡೂ ನಾಳದಲ್ಲಿ ಹನ್ನೊಂದು ನಿಮಿಷ ನಿಂತು ಕರಗುತ್ತಿದ್ದವು, ಎರಡರಿಂದಲೂ ತಿಂಗಳೊಳಗೆ ಹೊಸ ಕವಾಟಗಳು ಮೊಳೆಯುತ್ತಿದ್ದವು. ಯಾವುದು ಮೇಲು ಎಂದು ತೀರ್ಮಾನವಾಗಬೇಕಿತ್ತು.

ಅದಕ್ಕೆ ಅವಳು ಹೂಡಿದ ಪರೀಕ್ಷೆ ಅಚ್ಚುಕಟ್ಟಾಗಿತ್ತು. ಎರಡೂ ಕಾಲಿನ ನರ ಉಬ್ಬಿದ ಇನ್ನೂರ ನಲವತ್ತು ಮಂದಿಯನ್ನು ಆರಿಸಿದರು. ಹೆಚ್ಚಿನವರು ಹೆಂಗಸರೇ. ಖಾನಾವಳಿಗಳಲ್ಲಿ ನಿಂತು ರೊಟ್ಟಿ ಬಡಿಯುವವರು, ಕಂಡಕ್ಟರುಗಳು, ನರ್ಸುಗಳು, ಶಾಲೆಯ ಟೀಚರುಗಳು. ಪ್ರತಿಯೊಬ್ಬರ ಒಂದು ಕಾಲಿಗೆ ಮಲ್ಲಿಗೆ, ಇನ್ನೊಂದಕ್ಕೆ ಅಬೋಲಿ. ಎಡಕ್ಕೆ ಯಾವುದು, ಬಲಕ್ಕೆ ಯಾವುದು ಎಂದು ಕಂಪ್ಯೂಟರು ಚೀಟಿ ಎತ್ತುತ್ತಿತ್ತು. ಸೂಜಿ ಚುಚ್ಚುವುದು ಯಂತ್ರ. ಅದು ಮಂಚದ ಮೇಲಿನ ಹಳಿಯ ಮೇಲೆ ಓಡಾಡುತ್ತಾ, ಕಾಲು ಎಲ್ಲಿದೆಯೋ ತಾನೇ ಹುಡುಕಿ, ಶಬ್ದದ ಅಲೆಗಳಿಂದ ನಾಳವನ್ನು ನೋಡಿ, ನೊರೆ ತುಂಬುತ್ತಿತ್ತು. ನೊರೆಯ ಬಣ್ಣ ಕಂಡರೆ ಮನಸ್ಸು ಒಂದು ಕಡೆ ವಾಲುತ್ತದೆಂದು ಡಾಕ್ಟರುಗಳು ಯಾರೂ ಆ ಕೋಣೆಗೆ ಕಾಲಿಡುವಂತಿರಲಿಲ್ಲ. ಅವರು ಗೋಡೆಯಾಚೆಯ ನಿಯಂತ್ರಣ ಕೋಣೆಯಲ್ಲಿ ಕೂತು, ಪರದೆಯ ಮೇಲೆ ನಾಳದ ಬೂದು ಚಿತ್ರವನ್ನು ಮಾತ್ರ ನೋಡಬೇಕು. ಮೊದಮೊದಲು ಕೋಣೆಯಲ್ಲಿ ಒಂದು ಕ್ಯಾಮೆರಾ ಇತ್ತು. ತೊಡೆಯವರೆಗೆ ಸೀರೆ ಎತ್ತಿ ಮಲಗಬೇಕು, ಯಾರೋ ನೋಡುತ್ತಿರುತ್ತಾರೆ ಎಂದು ಹೆಂಗಸರು ಸಂಕೋಚಪಟ್ಟಾಗ ನೀಲಾಂಬಿಕೆ ತಾನೇ ನಿಂತು ಅದನ್ನು ತೆಗೆಸಿದಳು. ಎಲ್ಲರೂ ಅವಳನ್ನು ಹೊಗಳಿದರು. ಒಳಗೆ ಹೋಗಿ ಬರುವವಳೆಂದರೆ ಆಯಾ ಕೆಂಚವ್ವ ಒಬ್ಬಳೇ. ನೊರೆಯ ವಿಷಯ ಅವಳಿಗೆ ಯಾರೂ ಏನೂ ಹೇಳಿರಲಿಲ್ಲ.

ಮೂರು ವರ್ಷ ಕಾದು ನೋಡಿದರು. ಇನ್ನೂರ ನಲವತ್ತು ಮಂದಿಯ ಎರಡೂ ಕಾಲಿನಲ್ಲಿ ಕವಾಟಗಳು ಚೆನ್ನಾಗಿ ಬೆಳೆದಿದ್ದವು. ಆದರೆ ಮೂರನೆಯ ವರ್ಷದ ಕೊನೆಗೆ ಇಪ್ಪತ್ತೇಳು ಮಂದಿಯ ಒಂದು ಕಾಲಿನಲ್ಲಿ ಕವಾಟ ಬೆಳೆಯುವುದು ನಿಲ್ಲದೆ, ನಾಳವೇ ಗಟ್ಟಿಯಾಗಿ ರಕ್ತಕ್ಕೆ ದಾರಿಯಿಲ್ಲವಾಯಿತು. ಬೇಗ ಗೊತ್ತಾದವರ ನಾಳವನ್ನು ಕಿತ್ತು ತೆಗೆದು ಕಾಲು ಉಳಿಸಿದರು. ಗಡಸು ಮೊಣಕಾಲು ದಾಟಿದ ಮೇಲೆ ಬಂದ ನಾಲ್ವರ ಕಾಲು ಉಳಿಯಲಿಲ್ಲ. ಯಾವ ಕಾಲಿಗೆ ಯಾವ ನೊರೆ ಎಂಬ ಗುಟ್ಟಿನ ಪಟ್ಟಿಯನ್ನು ಆಗ ತೆರೆದರು. ಗಟ್ಟಿಯಾದ ಇಪ್ಪತ್ತೇಳು ಕಾಲುಗಳಲ್ಲಿ ಇಪ್ಪತ್ತನಾಲ್ಕು ಅಬೋಲಿಯವು, ಮೂರು ಮಾತ್ರ ಮಲ್ಲಿಗೆಯವು. ಕವಾಟದ ಬೆಳವಣಿಗೆಯ ವೇಗ ನೋಡಿದರೂ, ಈ ಮೂವರು ಸೇರಿ ಮೂವತ್ತೊಂದು ಮಂದಿಯಲ್ಲಿ ಎಲ್ಲವೂ ಉಳಿದವರಿಗಿಂತ ಉಲ್ಟಾ ಇತ್ತು. ಯಾಕಿರಬಹುದೆಂದು ಎರಡು ತಿಂಗಳು ಅವರ ರಕ್ತ, ಊಟ, ಕೆಲಸ ಎಲ್ಲ ತಡಕಾಡಿದರು. ಏನೂ ಸಿಗಲಿಲ್ಲ. ವರದಿಯ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಆ ಮೂವತ್ತೊಂದನ್ನು ಬರೆದು ಕೈತೊಳೆದುಕೊಂಡರು. ಅಬೋಲಿಯನ್ನು ಚರಂಡಿಗೆ ಚೆಲ್ಲಿದರು. ಮಲ್ಲಿಗೆ ಗೆದ್ದಿತು.

ಅನುಮತಿ ಪತ್ರ ಬಂದ ದಿನ, ಇನ್ನೂ ಉದ್ಘಾಟನೆಯ ರಿಬ್ಬನ್ನು ಕಟ್ಟುವ ಮೊದಲೇ, ನೀಲಾಂಬಿಕೆ ಅಕ್ಕನನ್ನು ಕೈಹಿಡಿದು ಕರೆತಂದು ಮಂಚದ ಮೇಲೆ ಮಲಗಿಸಿದಳು. ಪರೀಕ್ಷೆಯ ಹೊರಗೆ ಮಲ್ಲಿಗೆ ನೊರೆ ಹಾಕಿಸಿಕೊಂಡವರಲ್ಲಿ ದಾಕ್ಷಾಯಣಿ ಮೊದಲನೆಯವಳು. ಎರಡೂ ಕಾಲಿಗೆ. ಆವತ್ತು ನೀಲಾಂಬಿಕೆಗೆ ಆದ ಸಂತೋಷ ಅವಳ ಜೀವಮಾನದಲ್ಲಿ ಮತ್ತೆಂದೂ ಆಗಲಿಲ್ಲ.

ಆಮೇಲಿನದು ಊರಿಗೇ ಗೊತ್ತಿದ್ದ ಕತೆ. ಬುರುಗಿನ ಇಂಜೆಕ್ಷನ್ ಎಂದು ಜನ ಕರೆದ ಅದು ಆರು ತಿಂಗಳಲ್ಲಿ ಬೆಳಗಾವಿಯಿಂದ ಬೀದರಿನವರೆಗೆ ಮುಟ್ಟಿತು. ಟ್ರಾಫಿಕ್ ಪೊಲೀಸರು ಹಾಕಿಸಿಕೊಂಡರು, ಕ್ಷೌರಿಕರು ಹಾಕಿಸಿಕೊಂಡರು, ಮದುವೆ ಮನೆಯ ಅಡುಗೆಯವರು ಹಾಕಿಸಿಕೊಂಡರು. ನೋವಿಲ್ಲದ ಕಾಲು ಕಂಡ ಮಾಲೀಕರಿಗೆ ಹೊಸ ಬುದ್ಧಿ ಹೊಳೆಯಿತು. ಅಂಗಡಿ, ಕಾರ್ಖಾನೆಗಳಲ್ಲಿ ಕೆಲಸದ ನಡುವೆ ಕೂರಲು ಬಿಡಬೇಕೆಂಬ ಕಾಯ್ದೆಯೊಂದು ಆಗಷ್ಟೇ ಬಂದಿತ್ತು. ಇನ್ನು ಅದರ ಅಗತ್ಯವೇನು ಎಂದು ಕೇಳಿದರು. ಕಾಯ್ದೆ ಸದ್ದಿಲ್ಲದೆ ಹೋಯಿತು. ಕೆಲಸದ ಜಾಹೀರಾತುಗಳಲ್ಲಿ ‘ನೊರೆ ಹಾಕಿಸಿಕೊಂಡವರಿಗೆ ಆದ್ಯತೆ’ ಎಂಬ ಸಾಲು ಬಂತು. ನರ ಉಬ್ಬದಿದ್ದ ಹದಿನೆಂಟರ ಹುಡುಗಿಯರೂ ಮುಂಚಿತವಾಗಿಯೇ ಹಾಕಿಸಿಕೊಂಡು ಕೆಲಸ ಕೇಳಲು ನಿಂತರು. ಮರುವರ್ಷ ದಾಕ್ಷಾಯಣಿ ಇದ್ದ ಅಂಗಡಿಯ ನಲವತ್ತೆರಡು ಹೆಂಗಸರನ್ನು ಅವಳೇ ಮೂರು ಆಟೊ ಮಾಡಿಕೊಂಡು, ಸರದಿಯ ಮೇಲೆ ಕರೆದುಕೊಂಡು ಹೋಗಿ ಹಾಕಿಸಿದಳು. ನಮ್ಮ ನೀಲಾ ಮಾಡಿದ್ದು, ಹೆದರಬೇಡಿ ಎಂದು ಒಬ್ಬೊಬ್ಬರ ಕೈಯನ್ನೂ ಹಿಡಿದಿದ್ದಳು. ಇದೆಲ್ಲ ನೀಲಾಂಬಿಕೆಯ ಕಿವಿಗೂ ಬೀಳುತ್ತಿತ್ತು. ಕೂರುವ ಕಾಯ್ದೆ ಹೋದದ್ದು ಅವಳಿಗೆ ಸರಿ ಕಾಣಲಿಲ್ಲ. ಆದರೆ ಆ ದಿನಗಳಲ್ಲಿ ಅವಳಿಗೆ ಸನ್ಮಾನಗಳಿದ್ದವು, ದಿಲ್ಲಿಯ ಪ್ರಶಸ್ತಿ ಇತ್ತು, ಬಿಡುವಿರಲಿಲ್ಲ.

ದಾಕ್ಷಾಯಣಿಯ ಕಾಲು ಮೂರನೆಯ ವರ್ಷ ಒಂದು ಭಾನುವಾರ ಸಿಕ್ಕಿಬಿದ್ದಿತು. ಕೇಶ್ವಾಪುರದ ಮನೆಯಲ್ಲಿ ಅಕ್ಕ ಅಡುಗೆಮನೆಯ ನೆಲದ ಮೇಲೆ ಕೂತು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದಳು. ಎಡಗಾಲು ಚಾಚಿತ್ತು. ನೀಲಾಂಬಿಕೆ ದಾಟಿ ಹೋಗುವಾಗ ಅಕ್ಕನ ಕಾಲಿಗೆ ತನ್ನ ಕಾಲು ತಾಗಿತೆಂದು ಬಗ್ಗಿ ಮುಟ್ಟಿ ನಮಸ್ಕರಿಸಿಕೊಂಡಳು. ಪಾದ ತಣ್ಣಗಿತ್ತು. ಅವಳು ಅಲ್ಲೇ ಕೂತಳು. ಹಿಮ್ಮಡಿಯಿಂದ ಮೇಲಕ್ಕೆ ಬೆರಳಾಡಿಸಿದರೆ ಚರ್ಮದ ಕೆಳಗೆ ಸೈಕಲ್ಲಿನ ಕಡ್ಡಿಯಂತೆ ಗಟ್ಟಿಯಾದ ನಾಳ ಸಿಕ್ಕಿತು. ಮೊಣಕಾಲು ದಾಟಿದರೂ ಅದು ಮುಗಿಯಲಿಲ್ಲ.

ಎಷ್ಟು ದಿನದಿಂದ ಎಂದು ಕೇಳಿದಳು. ಅಕ್ಕ ಸೊಪ್ಪು ಬಿಡಿಸುತ್ತಲೇ ಇದ್ದಳು. ಎರಡು ತಿಂಗಳಾಯಿತಂತೆ. ಯಾಕೆ ಹೇಳಲಿಲ್ಲ ಎಂದು ಕೇಳಿದಳು.

"ನಿನ್ನ ಔಷಧ ನಿನ್ನ ಅಕ್ಕಗs ಹತ್ತಲಿಲ್ಲ ಅಂತ ಮಂದಿ ಆಡಿಕೊಂಡಾರು ಅಂದ್ಕೊಂಡ್ನಿ," ಎಂದಳು ಅಕ್ಕ. "ಪ್ರಶಸ್ತಿ ಆಗಿಬಿಡ್ಲಿ, ಆಮ್ಯಾಲೆ ಹೇಳಿದ್ರಾತು ಅಂತ ಬಿಟ್ನಿ."

ನೀಲಾಂಬಿಕೆ ಆ ದಿನ ಊಟ ಮಾಡಲಿಲ್ಲ. ಮಲ್ಲಿಗೆ ಹೀಗೆ ಮಾಡುವುದು ತೀರ ಅಪರೂಪ. ಇದು ಅಬೋಲಿಯ ಗುಣ. ತಯಾರಿಸುವ ಕಡೆ ಸೀಸೆಗಳು ಅದಲುಬದಲಾಗಿರಬೇಕೆಂದು ಮೊದಲು ಅನಿಸಿತು. ಸೋಮವಾರ ಪ್ರಯೋಗಶಾಲೆಯಲ್ಲಿ ಕೂತು, ಕಾಪಿಟ್ಟಿದ್ದ ಪ್ರತಿಯೊಂದು ಸಲದ ತಯಾರಿಕೆಯ ಮಾದರಿಯನ್ನೂ ತಾನೇ ಪರೀಕ್ಷಿಸಿದಳು. ಎಲ್ಲವೂ ಅಪ್ಪಟ ಮಲ್ಲಿಗೆ. ಅಕ್ಕನಿಗೆ ಹಾಕಿದ್ದೂ ಮಲ್ಲಿಗೆಯೇ. ಹಾಗಾದರೆ ನೂರಕ್ಕೆ ಒಬ್ಬರಲ್ಲಿ ಆಗುವಂಥದು ತನ್ನ ಮನೆಯಲ್ಲೇ ಆಯಿತೇ? ಹಾಗೆಂದು ನಂಬಿಕೊಂಡರೆ ಆ ಸಂಜೆಗೆ ಮನೆಗೆ ಹೋಗಬಹುದಿತ್ತು. ಆದರೆ ಬುಧವಾರ ಗದಗಿನಿಂದ ಒಬ್ಬ ಡಾಕ್ಟರು ಫೋನು ಮಾಡಿ, ರೊಟ್ಟಿ ಬಡಿಯುವ ಹೆಂಗಸೊಬ್ಬಳ ಕಾಲು ತಣ್ಣಗಾಗುತ್ತಿದೆ, ಏನು ಮಾಡಲಿ ಎಂದು ಕೇಳಿದರು. ಅವಳೂ ಮೊದಲ ವಾರದಲ್ಲಿ ನೊರೆ ಹಾಕಿಸಿಕೊಂಡವಳು.

ಆಗ ನೀಲಾಂಬಿಕೆಗೆ ಆ ಮೂವತ್ತೊಂದು ನೆನಪಾಯಿತು. ಪರೀಕ್ಷೆಯಲ್ಲಿ ಎಲ್ಲರಿಗೂ ಸಂಖ್ಯೆ ಮಾತ್ರ ಇತ್ತು. ಹೆಸರು ಯಾರಿಗೂ ಬೇಕಿರಲಿಲ್ಲ. ಬೀಗ ಹಾಕಿದ್ದ ಕಪಾಟು ತೆಗೆಸಿ, ಸಂಖ್ಯೆಯ ಮುಂದೆ ಹೆಸರು ಬರೆಯುತ್ತಾ ಹೋದಳು. ರಜಿಯಾ, ಖುರ್ಷಿದ್, ಫಿಲೋಮಿನಾ, ಮಮ್ತಾಜ್, ಎಸ್ತರ್, ಹಜರತ್‌ಬಿ. ಮೂವತ್ತೊಂದರಲ್ಲಿ ಇಪ್ಪತ್ತೊಂಬತ್ತು ಹೆಸರು ಇಂಥವೇ. ರಕ್ತದಲ್ಲಿ ಕಾಣದ ವ್ಯತ್ಯಾಸ ಹೆಸರಿನಲ್ಲಿ ಕಂಡಿತು. ನೊರೆಗೆ ಜಾತಿ ಧರ್ಮ ಗೊತ್ತಾಗುವುದು ಹೇಗೆ? ಅವಳು ನಿಯಂತ್ರಣ ಕೋಣೆಯಲ್ಲಿ ಕೂತು ಪರದೆಗಳನ್ನು ನೋಡಿದಳು. ಅವುಗಳಲ್ಲಿ ಏನೂ ಇರಲಿಲ್ಲ. ಆ ಗೋಡೆಯಾಚೆ ಏನು ನಡೆಯುತ್ತಿತ್ತೆಂದು ಬಲ್ಲವಳು ಒಬ್ಬಳೇ ಎಂದು ಆಗ ಹೊಳೆಯಿತು.

ಕೆಂಚವ್ವ ನಿವೃತ್ತಳಾಗಿ ಹಳೇ ಹುಬ್ಬಳ್ಳಿಯಲ್ಲಿ ಮಗಳ ಮನೆಯಲ್ಲಿದ್ದಳು. ಡಾಕ್ಟರು ಮನೆ ಬಾಗಿಲಿಗೆ ಬಂದದ್ದು ಕಂಡು ಹಿಗ್ಗಿ, ಚಾಪೆ ಹಾಸಿ, ಚುರುಮುರಿ ಒಗ್ಗರಣೆ ಹಾಕಲು ಮಗಳಿಗೆ ಹೇಳಿದಳು. ನೀಲಾಂಬಿಕೆ ಸುತ್ತು ಬಳಸದೆ ಕೇಳಿದಳು. ರೋಗಿಗಳನ್ನು ಒಳಗೆ ಕರೆದೊಯ್ದು ಏನೇನು ಮಾಡುತ್ತಿದ್ದೆ, ಮೊದಲಿಂದ ಹೇಳು.

ಕೆಂಚವ್ವ ಹೇಳತೊಡಗಿದಳು. ಆ ಯಂತ್ರದ ಕೈಗಳನ್ನು ಕಂಡು ಹೆಂಗಸರು ನಡುಗುತ್ತಿದ್ದರು. ಒಬ್ಬರನ್ನೇ ಬಿಟ್ಟು ಬರಲು ಅವಳಿಗೆ ಮನಸ್ಸಾಗುತ್ತಿರಲಿಲ್ಲ, ಇರಲು ಅಪ್ಪಣೆಯಿರಲಿಲ್ಲ. ಧೈರ್ಯಕ್ಕಿರಲಿ ಎಂದು ಮನೆಯಿಂದ ಬನಶಂಕರಿಯ ಕ್ಯಾಲೆಂಡರ್ ತಂದು ತೂಗುಹಾಕಿದಳು. ಕೋಣೆಯ ಮೂರು ಗೋಡೆಗೂ ಉಕ್ಕಿನ ತಗಡು, ಮೊಳೆ ಹಿಡಿಯುವ ಗೋಡೆ ಒಂದೇ. ಅದು ಕಾಲ ಕಡೆಯ ಗೋಡೆ.

"ಮೊದಲನೇ ದಿನಾನs ಒಬ್ಬಾಕಿ ಅಂದ್ಲು, ಅಯ್ಯ ಯವ್ವಾ, ತಾಯಿ ಮುಖಕ್ಕ ಕಾಲು ಎತ್ತಿ ಮಲಗಲೇನು ಅಂತ. ಅದೂ ಖರೇನ ಐತೆಲ್ರಿ ಬಾಯಾರ. ಎರಡೂ ಕಾಲು ದಿಂಬಿನ ಮ್ಯಾಲ ಎತ್ತಿ ಹನ್ನೊಂದು ನಿಮಿಷ. ಯಾರ ಜೀವ ತಡದೀತು? ನಾ ದಿಂಬು ಈ ಕಡೆ ಇಟ್ಟು, ತಲಿ ಆ ಕಡೆ ಮಾಡಿ ಮಲಗಸ್ತಿದ್ನಿ. ತಾಯಿ ತಲಿ ಮ್ಯಾಲೆ ಇದ್ದಂಗ ಆತು. ಯಂತ್ರ ಏನ ಶಾಣೇದ ಐತ್ರಿ, ಈ ಕಡೆ ಸರದು ಬಂದು ಕಾಲು ಹುಡಿಕೇ ಬಿಡತಿತ್ತು."

ಎಲ್ಲರೂ ಹಾಗೇ ಮಲಗಿದರೇ ಎಂದು ನೀಲಾಂಬಿಕೆ ಕೇಳಿದಳು.

ಸಾಬರ ಹೆಂಗಸರೂ ಕಿರಿಸ್ತಾನರೂ ಇದ್ದ ಹಾಗೇ ಮಲಗುತ್ತಿದ್ದರಂತೆ. ತಲೆ ಪಶ್ಚಿಮಕ್ಕೇ, ಮಕ್ಕಾದ ಕಡೆಗೇ ಇದ್ದದ್ದರಿಂದ ರಜಿಯಾಬಿಗೆ ಅದೇ ಸರಿಯಾಗಿತ್ತು. ಕಾಲು ಆ ಕಡೆ ಬರುವಂತಿದ್ದರೆ ಅವಳೂ ತಿರುಗುತ್ತಿದ್ದಳಂತೆ. ದೇವರು ಗೀವರು ನಂಬುವುದಿಲ್ಲ ಎಂದಿದ್ದ ಇಬ್ಬರು ಟೀಚರುಗಳನ್ನೂ ತಿರುಗಿಸಲಿಲ್ಲ. ಉಳಿದವರೆಲ್ಲ ತಿರುಗಿ ಮಲಗಿದವರೇ.

"ಯಾಕ್ರಿ, ತಪ್ಪಾತೇನು?" ಎಂದು ಕೆಂಚವ್ವ ಕೇಳಿದಳು. "ನೀವು ಯಾರೂ ಕೇಳಲಿಲ್ಲ. ಕೇಳಿದ್ರ ಹೇಳ್ತಿದ್ನಿ."

ನೀಲಾಂಬಿಕೆ ಚುರುಮುರಿಯ ತಟ್ಟೆ ಹಿಡಿದು ಕೂತೇ ಇದ್ದಳು. ಯಂತ್ರಕ್ಕೆ ಎಡ ಬಲ ಗೊತ್ತಿದ್ದದ್ದು ಮಂಚದ ಲೆಕ್ಕದಲ್ಲಿ. ಕಿಟಕಿಯ ಕಡೆಗಿರುವುದು ಎಡಗಾಲು, ಬಾಗಿಲ ಕಡೆಗಿರುವುದು ಬಲಗಾಲು. ಮನುಷ್ಯರು ತಿರುಗಿ ಮಲಗಿಯಾರು ಎಂದು ಅದನ್ನು ಕಟ್ಟಿದವರಿಗೆ ಹೊಳೆದಿರಲಿಲ್ಲ, ಕಟ್ಟಿಸಿದ ತನಗೂ ಹೊಳೆದಿರಲಿಲ್ಲ. ಇನ್ನೂರ ಒಂಬತ್ತು ಮಂದಿಯ ಕಾಲುಗಳಲ್ಲಿ ಮಲ್ಲಿಗೆ ಹೊಕ್ಕ ಕಡೆ ಅಬೋಲಿ ಎಂದೂ, ಅಬೋಲಿ ಹೊಕ್ಕ ಕಡೆ ಮಲ್ಲಿಗೆ ಎಂದೂ ಬರೆಯಲಾಗಿತ್ತು. ಸರಿಯಾಗಿದ್ದದ್ದು ಆ ಮೂವತ್ತೊಂದೇ. ಅಪಾಯವಿಲ್ಲದ ಅಬೋಲಿಯನ್ನು ಚೆಲ್ಲಿ, ಅವಳು ಮಲ್ಲಿಗೆಯನ್ನು ಊರಿಗೆಲ್ಲ ಹಂಚಿದ್ದಳು. ಎಲ್ಲರಿಗಿಂತ ಮೊದಲು ಅಕ್ಕನಿಗೆ ಕೊಟ್ಟಿದ್ದಳು. ಕೆಂಚವ್ವನಿಗೆ ತಪ್ಪಿಲ್ಲವೆಂದು ಹೇಳಿ ಎದ್ದಳು. ಹೊರಗೆ ಬಂದು ಯಾರದೋ ಮನೆಯ ಕಟ್ಟೆಯ ಮೇಲೆ ಕೂತು ಅತ್ತಳು. ದಾರಿಯಲ್ಲಿ ಹೋಗುತ್ತಿದ್ದ ಹೆಂಗಸೊಬ್ಬಳು ನೀರು ಬೇಕೇನೆಂದು ಕೇಳಿ ಹೋದಳು.

ಕೇಂದ್ರದ ನಿರ್ದೇಶಕರಾದ ಡಾ. ಇನಾಮದಾರರು ಕೆಟ್ಟವರಲ್ಲ. ನೀಲಾಂಬಿಕೆ ಹೇಳಿದ್ದನ್ನು ಪೂರ್ತಿ ಕೇಳಿ, ಕನ್ನಡಕ ತೆಗೆದು, ಕಣ್ಣು ಒತ್ತಿಕೊಂಡರು. ಆಮೇಲೆ ಮೆಲ್ಲಗೆ ಮಾತಾಡಿದರು. ಒಬ್ಬ ಆಯಾಳ ನೆನಪಿನ ಮೇಲೆ ಲಕ್ಷಗಟ್ಟಲೆ ಜನರನ್ನು ಹೆದರಿಸುವುದು ಸರಿಯೇ? ಇನ್ನೂರ ನಲವತ್ತು ಮಂದಿಯನ್ನು ಮತ್ತೆ ಕರೆಸೋಣ, ನಾಳದ ಚೂರು ತೆಗೆದು ಯಾವ ನೊರೆಯೆಂದು ಖಚಿತ ಮಾಡಿಕೊಳ್ಳೋಣ. ಮೂರು ತಿಂಗಳು ಸಾಕು. ಅಲ್ಲಿಯವರೆಗೆ ಬಾಯಿ ಬಿಡುವುದು ಬೇಡ.

ಅವರು ಹೇಳಿದ್ದು ವಿಜ್ಞಾನದ ರೀತಿಯೇ. ನೀಲಾಂಬಿಕೆಗೆ ಅದು ಗೊತ್ತಿತ್ತು, ಅದನ್ನು ಒಪ್ಪುವುದರ ಹಿಂದೆ ತನ್ನ ಹೆಸರನ್ನು ಉಳಿಸಿಕೊಳ್ಳುವ ಆಸೆಯಿದೆಯೆಂದೂ ಗೊತ್ತಿತ್ತು. ಮೂರು ತಿಂಗಳಲ್ಲಿ ಎಷ್ಟು ಜನರ ನಾಳ ಮೊಣಕಾಲು ದಾಟುತ್ತದೆಂಬುದೂ ಗೊತ್ತಿತ್ತು. ನೋಡೋಣ ಸರ್ ಎಂದು ಮನೆಗೆ ಬಂದಳು. ನೋಡೋಣ ಎಂದದ್ದಕ್ಕೆ ಅವಳಿಗೆ ದಾರಿಯುದ್ದಕ್ಕೂ ನಾಚಿಕೆಯಾಯಿತು.

ಅಕ್ಕ ವರಾಂಡದಲ್ಲಿ ಕುರ್ಚಿಯ ಮೇಲೆ ಕೂತಿದ್ದಳು. ಅಂಗಡಿಗೆ ರಜೆ ಹಾಕಿ ನಾಲ್ಕು ದಿನವಾಗಿತ್ತು. ನೀಲಾಂಬಿಕೆ ಅವಳ ಮುಂದೆ ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿದಳು. ಕ್ಯಾಲೆಂಡರಿನದು, ತಿರುಗಿ ಮಲಗಿದ್ದು, ಅದಲುಬದಲಾದ ಪಟ್ಟಿ, ಇನಾಮದಾರರ ಮೂರು ತಿಂಗಳು. ಅಕ್ಕನ ಎಡಗಾಲು ಇನ್ನು ಉಳಿಯುವುದಿಲ್ಲ ಎಂಬುದನ್ನೂ ಹೇಳಿದಳು. ಬಲಗಾಲು ಉಳಿಯುತ್ತದೋ ಇಲ್ಲವೋ ಎರಡು ವಾರದಲ್ಲಿ ಗೊತ್ತಾಗುತ್ತದೆ. ಹೇಳುವಾಗ ಅಕ್ಕನ ಮುಖ ನೋಡಲು ಧೈರ್ಯವಾಗದೆ, ನೆಲದ ಗಾರೆಯನ್ನೇ ನೋಡುತ್ತಿದ್ದಳು.

ಅಕ್ಕ ಸಮಾಧಾನದ ಮಾತಾಡುತ್ತಾಳೆಂದು ಅವಳ ಒಳಮನಸ್ಸು ಎಲ್ಲೋ ಕಾದಿತ್ತು. ಹುಟ್ಟಿದಾಗಿನಿಂದ ಅದೇ ರೂಢಿ. ಆವತ್ತು ಹಾಗಾಗಲಿಲ್ಲ.

"ಅಷ್ಟು ದಿನ ಆ ಗೋಡಿ ಆ ಕಡೆ ಕುಂತಿದ್ದಿ," ಎಂದಳು ದಾಕ್ಷಾಯಣಿ. "ಆ ಹೆಣ್ಣಮಕ್ಕಳು ಸೂಜಿ ಚುಚ್ಚಿಸಿಕೊಂಡು ನಿನ್ನ ಮುಂದನs ಹಾದು ಮನಿಗೆ ಹೋದ್ರು. ಒಬ್ಬಾಕಿನರ ಕರದು, ಒಳಗ ಹೆಂಗ ಆತವ್ವಾ, ಹೆದರಿದ್ದೇನು, ಹೆಂಗ ಮಲಗಿದ್ದಿ ಅಂತ ಕೇಳಿದ್ದೇನು?"

ನೀಲಾಂಬಿಕೆ ಇಲ್ಲವೆಂದು ತಲೆಯಾಡಿಸಿದಳು.

"ನಾ ಗಿರಾಕಿ ಮುಖಾ ನೋಡದ ಒಂದು ಸೀರಿ ತಗದವಳಲ್ಲ. ನೀ ಇಷ್ಟು ಓದಿದಾಕಿ, ಮುಖಾ ನೋಡಲಿಲ್ಲಲ್ಲ."

ಎದುರು ಮನೆಯವರು ಕುಕ್ಕರ್ ಇಟ್ಟಿದ್ದರು. ಅದು ಎರಡು ಸಲ ಕೂಗಿತು. ದಾಕ್ಷಾಯಣಿ ಅಳುತ್ತಿರಲಿಲ್ಲ. ತನ್ನ ಕಾಲನ್ನಲ್ಲ, ಬೇರೇನನ್ನೋ ಎಣಿಸುವಂತೆ ಬೆರಳು ಮಡಚುತ್ತಿದ್ದಳು. ಗಿರಿಜಾ, ರತ್ನಮಾಲಾ, ಶಾಂತವ್ವ, ಮಾಳಿಗೆಯ ಮೇಲಿನ ನಸೀಮಾ, ಆ ಹೊಸ ಹುಡುಗಿ ಪ್ರೇಮಾ. ಅಂಗಡಿಯ ಹೆಂಗಸರ ಹೆಸರುಗಳು. ಪ್ರೇಮಾಳಿಗೆ ನರ ಉಬ್ಬಿಯೇ ಇರಲಿಲ್ಲ. ಬೇಡ ಎಂದು ಅತ್ತವಳನ್ನು ಒಪ್ಪಿಸಿ ಕರೆದುಕೊಂಡು ಹೋದವಳು ದಾಕ್ಷಾಯಣಿಯೇ.

ಅವರದು ಎರಡು ವರ್ಷವೂ ಆಗಿಲ್ಲ, ನಾಳ ತೆಗೆದರೆ ಕಾಲು ಉಳಿಯುತ್ತದೆ ಎಂದು ನೀಲಾಂಬಿಕೆ ಹೇಳಿದಳು.

"ಹಂಗಾರ ಇಲ್ಲಿ ಯಾಕ ಕುಂತಿ?" ಎಂದಳು ಅಕ್ಕ. "ಏಳು. ನನ್ನ ಮುಂದ ಅತಗೋತ ಕುಂತ್ರ ಅವರ ಕಾಲು ಉಳಿಯಂಗಿಲ್ಲ."

ನೀಲಾಂಬಿಕೆ ಆ ಮಧ್ಯಾಹ್ನವೇ ಪತ್ರಕರ್ತರನ್ನು ಕರೆದಳು. ಇನಾಮದಾರರಿಗೆ ಫೋನು ಮಾಡಿ ಹೇಳಿದಾಗ ಅವರು ಬೇಡವೆನ್ನಲಿಲ್ಲ, ಬರುತ್ತೇನೆಂದೂ ಅನ್ನಲಿಲ್ಲ. ಅವಳು ಒಬ್ಬಳೇ ಕೂತು, ಕ್ಯಾಲೆಂಡರಿನ ವಿಷಯದಿಂದ ಹಿಡಿದು ಎಲ್ಲವನ್ನೂ ಸರಳ ಮಾತಿನಲ್ಲಿ ಹೇಳಿದಳು. ಆಯಾಳ ತಪ್ಪೇ ಎಂದು ಒಬ್ಬರು ಕೇಳಿದರು. ಅಲ್ಲ, ಕೇಳದಿದ್ದ ನನ್ನ ತಪ್ಪು ಎಂದಳು. ಮಲ್ಲಿಗೆ ನೊರೆ ಹಾಕಿಸಿಕೊಂಡ ಪ್ರತಿಯೊಬ್ಬರೂ ಈ ವಾರವೇ ಕಾಲು ತೋರಿಸಬೇಕು, ನೋವಿಲ್ಲವೆಂದು ಸುಮ್ಮನಿರಬಾರದು ಎಂದು ಮೂರು ಸಲ ಹೇಳಿದಳು.

ಮರುದಿನದಿಂದ ಉತ್ತರ ಕರ್ನಾಟಕದ ಆಸ್ಪತ್ರೆಗಳ ಮುಂದೆ ಸಾಲು ನಿಂತಿತು. ನಿಂತು ನಿಂತೇ ರೋಗ ತಂದುಕೊಂಡವರು ಮತ್ತೆ ಸಾಲಿನಲ್ಲಿ ನಿಲ್ಲಬೇಕಾಯಿತು. ಕಂಡಕ್ಟರುಗಳು ಬರದೆ ಬಸ್ಸು ತಪ್ಪಿದವು, ಖಾನಾವಳಿಗಳು ಮುಚ್ಚಿದವು. ಕೆಲವರು ಅವಳ ಮನೆಯ ಗೇಟಿನ ಮುಂದೆ ಬಂದು ಮಣ್ಣು ತೂರಿ ಶಾಪ ಹಾಕಿದರು, ಅವಳು ಹೊರಗೆ ಬಂದು ಕೇಳಿಸಿಕೊಂಡಳು. ಗದಗಿನ ರೊಟ್ಟಿಯ ಹೆಂಗಸಿನ ಮಗ ಅವಳ ಅಂಗಿಯ ಕೊರಳಪಟ್ಟಿ ಹಿಡಿದ. ಪ್ರಶಸ್ತಿಯನ್ನು ಹಿಂದಕ್ಕೆ ಕಳಿಸಿದಳು. ತನಿಖೆ ಶುರುವಾಯಿತು, ಕೆಲಸದಿಂದ ದೂರವಿಟ್ಟರು. ಮುಚ್ಚಿ ಅಂಟಿಸುವ ಆ ಹಳೆಯ ನೊರೆಯನ್ನೇ ಡಾಕ್ಟರುಗಳು ಮತ್ತೆ ಕಪಾಟಿನಿಂದ ತೆಗೆದರು. ದಿನಕ್ಕೆ ನೂರಾರು ಕಾಲುಗಳಿಂದ ನಾಳ ತೆಗೆಯುತ್ತಿದ್ದರು. ಹೆಚ್ಚಿನವರ ಕಾಲು ಉಳಿಯಿತು. ಸೀರೆ ಅಂಗಡಿಯ ನಲವತ್ತೆರಡು ಹೆಂಗಸರ ಕಾಲೂ ಉಳಿಯಿತು. ಮೊದಲ ತಿಂಗಳಲ್ಲಿ ಹಾಕಿಸಿಕೊಂಡ ನೂರಾರು ಜನರದು ಉಳಿಯಲಿಲ್ಲ.

ದಾಕ್ಷಾಯಣಿಯ ಶಸ್ತ್ರಚಿಕಿತ್ಸೆ ಒಂದು ಗುರುವಾರ ಬೆಳಿಗ್ಗೆ. ಬಲಗಾಲಿನ ಗಡಸು ಮೊಣಕಾಲಿನ ಕೆಳಗೇ ನಿಂತಿದ್ದರಿಂದ ನಾಳವನ್ನು ತೆಗೆದು ಕಾಲು ಉಳಿಸಬಹುದೆಂದು ಸರ್ಜನ್ನರು ಹೇಳಿದ್ದರು. ಎಡಗಾಲನ್ನು ತೊಡೆಯವರೆಗೆ ತೆಗೆಯಬೇಕು. ನೀಲಾಂಬಿಕೆ ಆ ಆಸ್ಪತ್ರೆಗೆ ಡಾಕ್ಟರಾಗಿ ಬಂದಿರಲಿಲ್ಲ, ರೋಗಿಯ ಕಡೆಯವಳಾಗಿ ಬಂದಿದ್ದಳು. ಸಹಿ ಹಾಕಬೇಕಾದ ಕಾಗದಗಳನ್ನು ನರ್ಸು ತಂದುಕೊಟ್ಟಳು. ಎಲ್ಲ ಸರಿಯಾಗಿ ಬರೆದಿದೆ ಮೇಡಂ, ಎಡಗಾಲು ಎಂದೇ ಇದೆ, ಓದದಿದ್ದರೂ ನಡೆಯುತ್ತದೆ ಎಂದಳು.

ನೀಲಾಂಬಿಕೆ ಓದಿದಳು. ಎಡಗಾಲು ಎಂದೇ ಇತ್ತು. ಎರಡನೆಯ ಸಲ ಓದಿದಳು. ಸಹಿ ಹಾಕದೆ ಕಾಗದವನ್ನು ಬೆಂಚಿನ ಮೇಲಿಟ್ಟು, ಗುರುತು ಮಾಡುವ ಪೆನ್ನು ಕೇಳಿ ತೆಗೆದುಕೊಂಡು ಒಳಗೆ ಹೋದಳು.

ಅಕ್ಕ ತಳ್ಳುಮಂಚದ ಮೇಲೆ ಅಂಗಾತ ಮಲಗಿದ್ದಳು. ಕಾಲಿನ ಮೇಲೆ ಹಸಿರು ಹೊದಿಕೆಯಿತ್ತು. ಆ ವರಾಂಡದ ದಿನದ ನಂತರ ಇಬ್ಬರ ನಡುವೆ ಬೇಕಾದಷ್ಟು ಮಾತ್ರ ಮಾತಿತ್ತು. ನೀಲಾಂಬಿಕೆ ಮಂಚದ ಯಾವ ಬದಿಯಲ್ಲೂ ನಿಲ್ಲದೆ, ಮೊದಲು ತಲೆಯ ಹತ್ತಿರ ಹೋಗಿ ಅಕ್ಕನ ಮುಖ ನೋಡಿದಳು. ರಾತ್ರಿಯೆಲ್ಲ ನಿದ್ದೆ ಮಾಡದ ಮುಖ. ಹಣೆಯ ಮೇಲೆ ಅಂಟಿದ್ದ ಕೂದಲನ್ನು ಹಿಂದಕ್ಕೆ ಸರಿಸಿದಳು.

"ಅಕ್ಕಾ, ಯಾವ ಕಾಲು?" ಎಂದು ಕೇಳಿದಳು.

ದಾಕ್ಷಾಯಣಿ ಅವಳನ್ನೇ ನೋಡಿದಳು. ಆಮೇಲೆ ಎಡಗಾಲನ್ನು ಎತ್ತಿ ತೋರಿಸಲು ನೋಡಿದಳು. ಅದು ಏಳಲಿಲ್ಲ. ಕೈ ಇಳಿಸಿ, ಹೊದಿಕೆಯ ಮೇಲಿಂದಲೇ ತೊಡೆಯನ್ನು ಮೆಲ್ಲಗೆ ತಟ್ಟಿದಳು.

"ಇದು," ಎಂದಳು.

ನೀಲಾಂಬಿಕೆ ಹೊದಿಕೆ ಸರಿಸಿ, ಅಕ್ಕನ ಕೈಯಿದ್ದ ಕಡೆಯೇ ಗುರುತು ಹಾಕಿದಳು.